ಶಸ್ತ್ರಚಿಕಿತ್ಸೆಗೆ ಒಳಗಾಗುವ ಸಾಕುಪ್ರಾಣಿಗಳ ಆರೈಕೆ: ಬಳ್ಳಾರಿ ಗುಂಪಿನ ಸದಸ್ಯರಿಗೆ ಸೂಚನೆ

ಎಲ್ಲ ಸದಸ್ಯರಿಗೆ ನಮಸ್ಕಾರ.

ನಾಯಿ, ಬೆಕ್ಕುಗಳನ್ನು ಅರಿವಳಿಕೆಗೆ ಮುನ್ನ ವೈದ್ಯರು ಹೇಳಿದಷ್ಟು ಹೊತ್ತು ಉಪವಾಸವಿರಿಸಬೇಕು. ಇಲ್ಲದಿದ್ದರೆ ವಾಂತಿಯಾಗಿ ಆಹಾರವು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಮೊಲದ ವಿಷಯ ಇದಕ್ಕೆ ತದ್ವಿರುದ್ಧ. ಮೊಲ ವಾಂತಿ ಮಾಡಲಾರದು, ಅದರ ಕರುಳು ನಿಲ್ಲದೆ ಚಲಿಸುತ್ತಿರಬೇಕು; ಹಾಗಾಗಿ ಅದನ್ನು ರಾತ್ರಿಯಿಡೀ ಹಸಿದಿರಿಸಬಾರದು, ಆಸ್ಪತ್ರೆಗೆ ಹೋಗುವಾಗ ಅದು ದಿನವೂ ತಿನ್ನುವ ಹುಲ್ಲನ್ನೇ ಜೊತೆಗೆ ಒಯ್ಯಬೇಕು. ಮನೆಗೆ ಮರಳಿದ ಮೇಲೆ ಅದು ಮೇವು ಮುಟ್ಟದೆ, ಹಿಕ್ಕೆ ಹಾಕದೆ 12 ಗಂಟೆ ಕಳೆದರೆ ಮರುದಿನಕ್ಕೆ ಕಾಯದೆ ವೈದ್ಯರನ್ನು ಕಾಣಿರಿ.

ಅರಿವಳಿಕೆಯಿಂದ ಪ್ರಾಣಿಯ ಮೈ ತಣ್ಣಗಾಗುತ್ತದೆ. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುವುದಾದರೂ, ಕನಿಕರದಿಂದ ಕೂಲರ್ ಗಾಳಿ ನೇರವಾಗಿ ಬೀಳುವಲ್ಲಿ ಅದನ್ನು ಮಲಗಿಸಬೇಡಿ. ಕಾದ ತಗಡಿನ ಶೆಡ್ಡೂ ಬೇಡ. ನೆರಳಿರುವ ಒಳಕೋಣೆಯಲ್ಲಿ ಒಣ ಬಟ್ಟೆಯ ಹಾಸಿಗೆ ಸಾಕು.

ಪ್ರಾಣಿ ಗಾಯವನ್ನು ನೆಕ್ಕದಂತೆ ಹಾಕುವ ಕೊರಳಿನ ರಕ್ಷಣಾ ಪಟ್ಟಿಯನ್ನು ಹೊಲಿಗೆ ಬಿಚ್ಚುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ತೆಗೆಯಬಾರದು. ನಮ್ಮ ಬೆಕ್ಕಿಗೆ ಹಿಂಸೆಯಾಗುತ್ತಿದೆಯೆಂದು ನಾಲ್ಕನೆಯ ದಿನ ನಾನು ಅದನ್ನು ತೆಗೆದಾಗ, ಬೆಳಗಾಗುವಷ್ಟರಲ್ಲಿ ಅದು ನೆಕ್ಕಿ ನೆಕ್ಕಿ ಗಾಯವನ್ನು ತೆರೆದಿತ್ತು. ಆ ನೋವು ಇನ್ನೂ ನನ್ನನ್ನು ಬಿಟ್ಟಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿರುವ ನೋವಿನ ಮಾತ್ರೆಗಳನ್ನು ಕೊಡಲೇಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಗಾಯಗೊಂಡ ನಕ್ಷತ್ರ ಆಮೆ ಅಥವಾ ಗಿಳಿ ಸಿಕ್ಕರೆ ಮನೆಯಲ್ಲಿ ಇರಿಸಿಕೊಳ್ಳದೆ ಅರಣ್ಯ ಇಲಾಖೆಗೆ ತಿಳಿಸಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳನ್ನು ಸಾಕುವಂತಿಲ್ಲ.