ತೂಗುಹಾಕುವ ಮುನ್ನ ತೂಗಿ ನೋಡಲಿ

ಮಾನ್ಯ ಸಂಪಾದಕರೆ,

ಮುಂಗಾರು ಬಾಗಿಲಿಗೆ ಬಂದಾಗ ರೈಲು ನಿಲ್ದಾಣಗಳ ಚಾವಣಿ ದುರಸ್ತಿ ನೆನಪಾಗುವುದು ನಮ್ಮ ಕಡೆ ಹೊಸದಲ್ಲ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಳಿ ಹಾಸಿದ ಸೀಮೆ ಇದು. ಅಮೃತ ಭಾರತ ನಿಲ್ದಾಣ ಯೋಜನೆಯಡಿ ಗದಗದಂಥ ನಿಲ್ದಾಣಗಳು ಹೊಸ ರೂಪ ಪಡೆದಿದ್ದರೂ, ಹಳೆಯ ಕಬ್ಬಿಣದ ಕೆಲಸ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ದುರಸ್ತಿಯೂ ಇದ್ದೇ ಇರುತ್ತದೆ. ಆ ದುರಸ್ತಿ ನಡೆಯುವ ರೀತಿಯ, ಅದಕ್ಕಾಗಿ ಚಾವಣಿಯಿಂದಲೇ ತೂಗುಹಾಕುವ ಅಟ್ಟಣಿಗೆಯ ಬಗ್ಗೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೂವತ್ತು ವರ್ಷ ಕಬ್ಬಿಣದ ಶೆಡ್ ಕಟ್ಟಿ ಬದುಕಿದವನಾಗಿ, ತಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕೆನಿಸಿದೆ.

ಎರಡು ವರ್ಷದ ಹಿಂದೆ ನಮ್ಮ ಭಾಗದ ಒಂದು ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ಮೇಲೆಯೇ ಬೊಂಬು ನಿಲ್ಲಿಸಿ, ಹಗ್ಗ ಬಿಗಿದು, ಚಾವಣಿಯ ತಗಡು ಬದಲಿಸುವ ಕೆಲಸ ನಡೆದಿತ್ತು. ರೈಲು ಬರುವ ಹೊತ್ತು. ತಲೆಯ ಮೇಲೆ ಗಂಟು ಹೊತ್ತ ಒಬ್ಬ ಅಜ್ಜಿ ಬೊಂಬುಗಳ ನಡುವೆ ಮೈ ಓರೆ ಮಾಡಿಕೊಂಡು ದಾಟುತ್ತಿದ್ದಾಗ, ಮೇಲಿನಿಂದ ಒಂದು ಬೋಲ್ಟು ಆಕೆಯ ಪಾದದಿಂದ ಗೇಣು ದೂರದಲ್ಲಿ ಬಿತ್ತು. ಆಕೆಗೆ ಅದು ತಿಳಿಯಲೂ ಇಲ್ಲ. ನಾನು ಅದನ್ನು ಎತ್ತಿಕೊಂಡು ನೋಡಿದೆ: ಅರ್ಧ ಇಂಚಿನ ಬೋಲ್ಟು ನಟ್ಟಿನ ಬುಡದಲ್ಲಿ ಪೆನ್ಸಿಲ್‌ನಷ್ಟು ಸವೆದಿತ್ತು, ಉಗುರಿನಿಂದ ಕೆರೆದರೆ ತುಕ್ಕು ಉಳ್ಳಾಗಡ್ಡಿ ಸಿಪ್ಪೆಯಂತೆ ಪದರಪದರವಾಗಿ ಏಳುತ್ತಿತ್ತು. ಬೋಲ್ಟು ಬಿದ್ದದ್ದಕ್ಕಿಂತ, ಅಂಥ ಬೋಲ್ಟಿನ ಮೇಲೆ ಇಷ್ಟು ದಿನ ಚಾವಣಿ ನಿಂತಿತ್ತಲ್ಲ ಎಂಬುದೇ ನನ್ನನ್ನು ಹೆಚ್ಚು ಅಂಜಿಸಿತು.

ಜನದಟ್ಟಣೆಯ ನಿಲ್ದಾಣಕ್ಕೆ ನೆಲದಿಂದ ಎಬ್ಬಿಸುವ ಸಾರುವೆ ಹೊಂದುವುದಿಲ್ಲ. ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರ್ಮ್ ಇದೆ. ಆದರೆ ಪ್ಲಾಟ್‌ಫಾರ್ಮ್ ಎಷ್ಟೇ ಉದ್ದವಿರಲಿ, ಬಿಸಿಲು ಮಳೆಗೆ ಜನ ಒತ್ತರಿಸಿಕೊಂಡು ನಿಲ್ಲುವುದು ಚಾವಣಿಯ ಕೆಳಗೇ. ಮೇಲಾಗಿ ಈಗ ನಮ್ಮ ಮಾರ್ಗಗಳಿಗೆ ವಿದ್ಯುತ್ ಬಂದಿದೆ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿರುವಾಗ ಅದರ ಪಕ್ಕದಲ್ಲೇ ಕಬ್ಬಿಣದ ಪೈಪು ಎತ್ತಿ ಇಳಿಸುವುದು ಎಂಥ ಅಪಾಯವೆಂದು ವಿವರಿಸಬೇಕಾಗಿಲ್ಲ. ಪವರ್ ಬ್ಲಾಕ್ ಪಡೆದು ತಂತಿಯ ವಿದ್ಯುತ್ ಕಡಿದ ಹೊತ್ತಿನಲ್ಲಿ ಮಾತ್ರ ಅಂಥ ಕೆಲಸ ಆಗಬೇಕು. ಆದ್ದರಿಂದ ಚಾವಣಿ ಹೊರುವ ಕಬ್ಬಿಣದ ಸರಳುಗಳ ಚೌಕಟ್ಟುಗಳಾದ ಟ್ರಸ್‌ಗಳಿಂದಲೇ ಇಳಿಬಿಟ್ಟು, ಸಂದಿಯಿಲ್ಲದಂತೆ ಹಲಗೆ ಹಾಸಿ, ಅಂಚಿಗೆ ತಡೆಪಟ್ಟಿ ಕಟ್ಟಿ, ಕೆಳಗೆ ಹಾಳೆ ಹೊದಿಸುವ ತೂಗು ಅಟ್ಟಣಿಗೆಯೇ ಸರಿಯಾದ ದಾರಿ. ಬ್ಲಾಕ್ ಸಿಕ್ಕ ರಾತ್ರಿಗಳಲ್ಲಿ ಅದನ್ನೊಮ್ಮೆ ಕಟ್ಟಿಕೊಂಡರೆ ಮೇಲೆ ತಗಡು ಬಿಚ್ಚುವ, ಹಳೆಯ ಬಣ್ಣ ಕೆರೆಯುವ ಕೆಲಸ ಹಗಲೂ ನಡೆಯುತ್ತದೆ, ಕೆಳಗೆ ರೈಲೂ ಜನರೂ ಓಡಾಡುತ್ತಾರೆ. ಎಡಿನ್‌ಬರೋದ ವೇವರ್ಲಿ ನಿಲ್ದಾಣದ ವಿಶಾಲವಾದ ಗಾಜಿನ ಚಾವಣಿಯನ್ನು ನಿಲ್ದಾಣ ಮುಚ್ಚದೆಯೇ ಪೂರ್ತಿ ಬದಲಿಸಿದ್ದಾರೆ.

ಆದರೆ ಈ ಅಟ್ಟಣಿಗೆಯ ಭಾರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ನೆಲದಿಂದ ಎದ್ದ ಸಾರುವೆಯ ಭಾರವನ್ನು ನೆಲ ಹೊರುತ್ತದೆ. ತೂಗುಹಾಕಿದ್ದರ ಭಾರವನ್ನೆಲ್ಲ ನಾವು ದುರಸ್ತಿ ಮಾಡಹೊರಟ ಅದೇ ಮುಪ್ಪಾದ ಚಾವಣಿ ಹೊರಬೇಕು. ಹತ್ತು ಮೀಟರ್ ಉದ್ದಗಲದ ಒಂದು ಅಂಕಣಕ್ಕೆ 18 ಮಿಲಿಮೀಟರ್ ಪ್ಲೈವುಡ್ ಹಾಸಿದರೆ ಹಲಗೆಯೊಂದೇ ಟನ್ನಿಗೂ ಮೇಲಾಗುತ್ತದೆ. ಆರು ಮೀಟರ್ ಉದ್ದದ ಅರವತ್ತು ಪೈಪು ಸೇರಿದರೆ ಇನ್ನೊಂದು ಟನ್ನಿಗೂ ಹೆಚ್ಚು. ಅದರ ಮೇಲೆ ಆಳುಗಳು, ಹೊಸ ತಗಡಿನ ಕಟ್ಟು, ಸಂಜೆಗೆ ಇಳಿಸದೆ ಬಿಟ್ಟ ಹಳೆಯ ಗುಜರಿ. ನಾವು ಶೆಡ್ ಕಟ್ಟುವಾಗ ತಗಡಿನ ಭಾರ, ಗಾಳಿಯ ಒತ್ತಡ ಲೆಕ್ಕ ಹಾಕುತ್ತೇವೆಯೇ ಹೊರತು, ಮುಂದೊಂದು ದಿನ ಕೆಳಗಿನಿಂದ ಇಷ್ಟೆಲ್ಲ ಜೋತುಬೀಳುತ್ತದೆ ಎಂದು ಲೆಕ್ಕ ಹಾಕುವುದಿಲ್ಲ. ನೂರು ವರ್ಷದ ಹಿಂದೆ ಕಟ್ಟಿದವರು ಹಾಕಿದ್ದರೆಂದು ನಂಬಲು ಕಾರಣವಿಲ್ಲ.

ಲಂಡನ್ನಿನ ಚೇರಿಂಗ್ ಕ್ರಾಸ್ ನಿಲ್ದಾಣದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಜಾನ್ ಹಾಕ್ಷಾ ರೂಪಿಸಿದ, ನಡುವೆ ಕಂಬವೇ ಇಲ್ಲದ ಆ ಕಮಾನು ಚಾವಣಿ 1864ರಿಂದ ನಿಂತಿತ್ತು. 1905ರ ಡಿಸೆಂಬರ್ 5ರ ಮಧ್ಯಾಹ್ನ ಸುಮಾರು ಮೂವತ್ತು ಮಂದಿ ಅದರ ದುರಸ್ತಿಯಲ್ಲಿ, ಬಣ್ಣ ಬಳಿಯುವುದರಲ್ಲಿ ತೊಡಗಿದ್ದರು. ಚಾವಣಿಯಿಂದ ದೊಡ್ಡ ಸದ್ದು ಕೇಳಿ ಹತ್ತು ಹನ್ನೆರಡು ನಿಮಿಷಗಳಲ್ಲಿ ಒಂದು ಭಾಗ ಕುಸಿದು, ಪಕ್ಕದ ಗೋಡೆಯನ್ನು ಹೊರಗೆ ತಳ್ಳಿ, ನೆರೆಯ ನಾಟಕಶಾಲೆಯ ಮೇಲೆ ಕೆಡವಿತು. ಆರು ಜನ ಸತ್ತರು. ಕಮಾನಿನ ಎರಡು ತುದಿಗಳನ್ನು ಎಳೆದು ಹಿಡಿಯುವ ಒಂದು ಸರಳಿನ (ಟೈ ರಾಡ್) ಬೆಸುಗೆಯಲ್ಲಿ ದೋಷವಿದ್ದುದು ಆಮೇಲೆ ಗೊತ್ತಾಯಿತು. ನಲವತ್ತೊಂದು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಾವು ಆರಕ್ಕೆ ನಿಂತದ್ದು, ಸದ್ದು ಕೇಳಿದ ಕೂಡಲೇ ನಿಲ್ದಾಣದ ಸಿಬ್ಬಂದಿ ರೈಲುಗಳನ್ನು ತಡೆದು ಜನರನ್ನು ಹೊರಗೆ ಕಳಿಸಿದ್ದರಿಂದ. ಈ ಕೊನೆಯ ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ನಮ್ಮಲ್ಲಿ ಕೆಲಸ ನಡೆಯುವಾಗ ಕೆಳಗೆ ನಿಂತು ಮೇಲೆ ನೋಡುತ್ತಿರುವುದೇ ಕೆಲಸವಾದ, ಸಂಶಯ ಬಂದ ಕ್ಷಣ ಯಾರನ್ನೂ ಕೇಳದೆ ಪ್ಲಾಟ್‌ಫಾರ್ಮ್ ಖಾಲಿ ಮಾಡಿಸುವ ಅಧಿಕಾರವುಳ್ಳ ಒಬ್ಬರು ಇರಬೇಕು.

ಅದಕ್ಕೂ ಮೊದಲು ಚಾವಣಿಯ ಪರೀಕ್ಷೆಯಾಗಬೇಕು. ಸಣ್ಣ ಸುತ್ತಿಗೆಯಿಂದ ರಿವೆಟ್ಟನ್ನು ಬಡಿದರೆ ಗಟ್ಟಿಯಾದದ್ದು ಗಣಗಣ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ದಪ್ ಎನ್ನುತ್ತದೆ. ಅನುಭವಿ ಕೈಗೆ ಇಷ್ಟರಿಂದಲೇ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ಕಬ್ಬಿಣ ಎಷ್ಟು ದಪ್ಪ ಉಳಿದಿದೆ ಎಂದು ಅಳೆಯುವ ಉಪಕರಣಗಳಿವೆ, ಲೆಕ್ಕ ಹಾಕುವ ಎಂಜಿನಿಯರರಿದ್ದಾರೆ. ಟ್ರಸ್‌ನ ಸರಳುಗಳು ಕೂಡುವ ಗಂಟಿನ ಬಳಿಯೇ ತೂಗುಹಾಕಬೇಕು, ನಡುವೆ ಎಲ್ಲೆಂದರಲ್ಲಿ ಕೊಕ್ಕೆ ಸಿಕ್ಕಿಸಿದರೆ ಸರಳು ಬಾಗುತ್ತದೆ. ತುಕ್ಕು ಹಿಡಿದ ಕಡೆ ಮೊದಲು ಆಸರೆ ಕೊಟ್ಟು ಆಮೇಲೆ ಭಾರ ಹೇರಬೇಕು. ಜೋರು ಗಾಳಿ ಬೀಸುವ ದಿನ ಕೆಳಗಿನ ಹಾಳೆ ಹಡಗಿನ ಪಟದಂತೆ ಉಬ್ಬಿ ಇಡೀ ಅಟ್ಟಣಿಗೆಯನ್ನೇ ಎಳೆದಾಡುತ್ತದೆ. ಆ ದಿನ ಆಳುಗಳನ್ನು ಮೇಲೆ ಹತ್ತಿಸಬಾರದು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ ಬಂದ 1998ರ ಕೇಂದ್ರ ನಿಯಮಗಳಲ್ಲೇ ಸಾರುವೆಗಳಿಗೆಂದು ಒಂದು ಅಧ್ಯಾಯವಿತ್ತು. ಹೀಗಾಗಿ ನಾನು ಕೇಳುತ್ತಿರುವುದು ಯಾವುದೂ ಹೊಸದಲ್ಲ.

ರೈಲ್ವೆ ಅಧಿಕಾರಿಗಳಲ್ಲಿ ನನ್ನ ಮನವಿ ಇಷ್ಟು: ಈ ಸಲ ಯಾವುದೇ ನಿಲ್ದಾಣದಲ್ಲಿ ಅಟ್ಟಣಿಗೆ ತೂಗುಹಾಕುವ ಮೊದಲು ಚಾವಣಿ ಎಷ್ಟು ಭಾರ ತಾಳುತ್ತದೆ, ಅದನ್ನು ಪರೀಕ್ಷಿಸಿದವರು ಯಾರು, ಯಾವ ದಿನ ಎಂಬುದನ್ನು ಬರೆದು ಅದೇ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರಿಗೂ ಕಾಣುವಂತೆ ಫಲಕ ಹಾಕಲಿ. ಮೇಲೆ ಒಮ್ಮೆಗೆ ಎಷ್ಟು ಜನ ನಿಲ್ಲಬಹುದು, ಎಷ್ಟು ಸಾಮಾನು ಇಡಬಹುದು ಎಂಬುದು ಕನ್ನಡದಲ್ಲೂ, ಹೊರರಾಜ್ಯದಿಂದ ಬಂದ ಆಳುಗಳು ಓದಬಲ್ಲ ಭಾಷೆಯಲ್ಲೂ ಅಟ್ಟಣಿಗೆ ಹತ್ತುವ ಏಣಿಯ ಬುಡದಲ್ಲೇ ಇರಲಿ.

ಇತಿ,
ಶೆಡ್ ಕೆಲಸದಿಂದ ನಿವೃತ್ತನಾದ ಓದುಗ,
ಗೋಕುಲ ರಸ್ತೆ, ಹುಬ್ಬಳ್ಳಿ