ಮಗಳಿಗೊಂದು ಪತ್ರ: ಒಂದೇ ಮರದ ಎರಡು ಮುಖ

ಕಿನ್ನಾಳ, ಕೊಪ್ಪಳ ಜಿಲ್ಲೆ

ಪ್ರೀತಿಯ ಮಗಳೇ,

ಗೆಳತಿಯರ ಜೊತೆ ಹೈದರಾಬಾದಿಗೆ ಹೊರಟಿರುವ ಸುದ್ದಿ ಕೇಳಿ ನಿನ್ನ ಅವ್ವನಿಗಿಂತ ನನಗೇ ಹೆಚ್ಚು ಹಿಗ್ಗಾಗಿದೆ. ಆದರೆ ನೀನು ಕಳಿಸಿದ ಪಟ್ಟಿಯಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ಶುಕ್ರವಾರಕ್ಕೆ ಬರೆದಿದ್ದೀಯ. ಶುಕ್ರವಾರ ಅದಕ್ಕೆ ರಜೆ. ಶನಿವಾರಕ್ಕೆ ಬದಲಿಸಿಕೊಂಡು, ಬಾಗಿಲು ತೆರೆಯುವ ಹೊತ್ತಿಗೇ ಹೋಗಿರಿ. ಚಾರ್ಮಿನಾರ್ ಹತ್ತಿರದಲ್ಲೇ ಇದೆ, ಅದು ಸಂಜೆಗಿರಲಿ.

ಎಲ್ಲವನ್ನೂ ನೋಡಿ ಮುಗಿಸುವ ಆಸೆ ಬೇಡ. ಸಾಲಾರ್ ಜಂಗ್ ಮನೆತನದ ಮೂರು ತಲೆಮಾರಿನವರು ದೇಶವಿದೇಶಗಳಿಂದ ತಂದು ತುಂಬಿದ ಮನೆ ಅದು. ಒಂದು ದಿನಕ್ಕೆ ಒಗ್ಗುವುದಿಲ್ಲ. ನೀನು ಮೊದಲು ಹುಡುಕಬೇಕಾದದ್ದು ಮರದ ಆ ಜೋಡಿ ಮೂರ್ತಿಯನ್ನು.

ನನಗೆ ಇಪ್ಪತ್ತು ವರ್ಷವಿದ್ದಾಗ ನಿನ್ನ ಅಜ್ಜ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು. 1956ರವರೆಗೆ ನಮ್ಮ ಕೊಪ್ಪಳವೂ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ಅಜ್ಜನಿಗೆ ಅದು ಪರವೂರು ಅನ್ನಿಸುತ್ತಿರಲಿಲ್ಲ. ಆ ಮೂರ್ತಿ ಆಳೆತ್ತರದ್ದು. ಇಬ್ಬರೂ ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕದವರು. ಮುಂದೆ ಮೆಫಿಸ್ಟೋಫೆಲಿಸ್ ಎಂಬ ಸೈತಾನ, ತುಟಿಯಲ್ಲಿ ಕೊಂಕು ನಗೆ. ಹಿಂದಿಟ್ಟ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿ ನಿಂತ ಮುಗ್ಧ ಹುಡುಗಿ ಮಾರ್ಗರೆಟಾ, ಕೈಯಲ್ಲಿ ಪ್ರಾರ್ಥನೆಯ ಪುಸ್ತಕ. ಇಬ್ಬರನ್ನೂ ಕಡೆದದ್ದು ಸಿಕಮೋರ್ ಮರದ ಒಂದೇ ದಿಮ್ಮಿಯಲ್ಲಿ. ನಾವು ಕಿನ್ನಾಳದ ಗೊಂಬೆ ಮಾಡುವವರು ಹಗುರ ಮರದಲ್ಲಿ ಕೈಕಾಲು ಬೇರೆಬೇರೆ ಕೆತ್ತಿ, ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟವೆಂಬ ಮೆತ್ತುಗೆಯಿಂದ ಕೂಡಿಸುವವರು. ಉಳಿ ಜಾರಿದರೆ ಕಿಟ್ಟ ಮೆತ್ತಿ ತಿದ್ದಬಹುದು. ಆ ಶಿಲ್ಪಿಗೆ ಆ ಆಸರೆ ಇರಲಿಲ್ಲ. ಇತ್ತ ಒಂದು ಏಟು ಆಳಕ್ಕೆ ಬಿದ್ದರೆ ಅತ್ತ ಹುಡುಗಿಯ ಬೆನ್ನು ಹೋಯಿತು!

ಅಜ್ಜ ಮಾತಿಲ್ಲದೆ ನಿಂತುಬಿಟ್ಟರು. ನಾನು ಮುಂದಿನದನ್ನೂ ಕನ್ನಡಿಯೊಳಗಿನದನ್ನೂ ನೋಡಿದೆ, ಪಕ್ಕವನ್ನು ನೋಡಲಿಲ್ಲ. ಬಸ್ಸಿನವರು ಅವಸರ ಮಾಡಿದರು, ಹೊರಟುಬಂದೆವು. ಅವನ ನಿಲುವಂಗಿ ಎಲ್ಲಿ ಮುಗಿದು ಅವಳ ಲಂಗದ ನೆರಿಗೆ ಎಲ್ಲಿ ಶುರುವಾಗುತ್ತದೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ನೀನು ಎರಡೂ ಪಕ್ಕಗಳಲ್ಲಿ ನಿಂತು ನೋಡು. ಮರದ ಎಳೆ ಯಾವ ಕಡೆಗೆ ಓಡಿದೆ, ಕಿವಿಯ ಹಿಂದೆ ಇಬ್ಬರ ತಲೆಗಳೂ ಹೇಗೆ ಕೂಡಿವೆ, ಗಮನಿಸು. ಮೊಬೈಲ್ ಚೀಲದಲ್ಲಿರಲಿ. ಸಣ್ಣದೊಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೋ. ಕೈ ಬರೆಯುವಾಗ ಕಣ್ಣು ತಾನೇ ನಿಧಾನವಾಗುತ್ತದೆ.

ಹನ್ನೆರಡಕ್ಕೆ ಮೊದಲು ಗಡಿಯಾರದ ಬಳಿಗೆ ಹೋಗಿರಿ. ಪುಟ್ಟ ಮನುಷ್ಯನೊಬ್ಬ ಹೊರಬಂದು ಜಾಗಟೆ ಬಾರಿಸುತ್ತಾನೆ. ಹನ್ನೆರಡು ಏಟು ಕೇಳಲು ಜನ ಮುಗಿಬೀಳುತ್ತಾರೆ. ಇಟಲಿಯ ಶಿಲ್ಪಿ ಬೆಂಜೋನಿ ಕಡೆದ, ಮುಸುಕು ಹೊದ್ದ ಬೈಬಲ್ಲಿನ ರೆಬೆಕಾಳನ್ನೂ ಬಿಡಬೇಡ. ಅಮೃತಶಿಲೆಯೇ ತೆಳು ಬಟ್ಟೆಯಾಗಿ ಮುಖಕ್ಕೆ ಅಂಟಿಕೊಂಡಂತಿದೆ. ಉಳಿದದ್ದು ಕಾಲು ನೋಯುವವರೆಗೆ.

ಚೆನ್ನಾಗಿ ಒಣಗಿದ, ಗಂಟಿಲ್ಲದ ಒಂದು ತುಂಡನ್ನು ಅಟ್ಟದ ಮೇಲೆ ತೆಗೆದಿಟ್ಟಿದ್ದೇನೆ. ಕೂಡಿಸದೆ, ಒಂದರಲ್ಲೇ ಇಬ್ಬರನ್ನು ಬಿಡಿಸಬೇಕೆಂಬ ಆಸೆ ಇಷ್ಟು ವರ್ಷವೂ ಹಾಗೇ ಉಳಿದಿದೆ. ನೀನು ಪುಸ್ತಕ ತರುವವರೆಗೆ ಅದಕ್ಕೆ ಉಳಿ ತಾಗಿಸುವುದಿಲ್ಲ.

ನಿನ್ನ ಅಪ್ಪ