ಶನಿವಾರದ ಸಿನಿಮಾ ಬಗ್ಗೆ ಪೋಷಕರಿಗೆ ಒಂದೆರಡು ಮಾತು

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಬೆಳಿಗ್ಗೆ ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ಒಂದು ಸಿನಿಮಾ ತೋರಿಸುತ್ತಿದ್ದೇವೆ. ಹೆಸರು ‘ಏಟ್ ಬಿಲೋ’, 2006ರಲ್ಲಿ ಬಂದದ್ದು, ಸುಮಾರು ಎರಡು ಗಂಟೆ. ಅಂಟಾರ್ಕ್ಟಿಕಾದಲ್ಲಿ ಹಿಮಗಾಡಿ ಎಳೆಯುವ ಎಂಟು ನಾಯಿಗಳ ಕಥೆ. ದೊಡ್ಡ ಬಿರುಗಾಳಿ ಬರುತ್ತದೆ, ಮನುಷ್ಯರು ವಿಮಾನ ಹತ್ತುತ್ತಾರೆ, ನಾಯಿಗಳು ಸರಪಳಿಯಲ್ಲೇ ಉಳಿಯುತ್ತವೆ. ಕರೆದುಕೊಂಡು ಹೋಗಲು ಬರಬೇಕಿದ್ದ ವಿಮಾನ ಬರುವುದೇ ಇಲ್ಲ.

ಮಕ್ಕಳ ಸಿನಿಮಾ ಅಲ್ವಾ, ಇದಕ್ಕೂ ಪತ್ರ ಬೇಕಾ ಅನ್ನಿಸಬಹುದು. ಎರಡು ವರ್ಷದ ಹಿಂದೆ ನನಗೂ ಹಾಗೇ ಅನ್ನಿಸಿತ್ತು. ಒಂದನೇ ತರಗತಿಯವರನ್ನೂ ಸೇರಿಸಿ ಎಲ್ಲರನ್ನೂ ಸುಮ್ನೆ ಕೂರಿಸಿಬಿಟ್ಟೆ. ಸಿನಿಮಾ ಮುಗಿದು ದೀಪ ಹಾಕಿದ ಮೇಲೂ ಒಬ್ಬ ಪುಟ್ಟ ಹುಡುಗಿ ಎದ್ದೇಳಲಿಲ್ಲ. “ಜ್ಯಾಕ್ ತಾತ ಯಾಕೆ ಬಿಡಿಸ್ಕೊಳ್ಳಲಿಲ್ಲ ಮಿಸ್?” ಅಂದಳು, ಸಿನಿಮಾದ ಮುದಿ ನಾಯಿಯ ಬಗ್ಗೆ. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಅವಳು ನಿದ್ದೆಯೂ ಮಾಡಲಿಲ್ಲವಂತೆ. ತಪ್ಪು ನನ್ನದೇ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಎಂಟರಲ್ಲಿ ಎರಡು ನಾಯಿ ಸಾಯುತ್ತವೆ. ವಯಸ್ಸಾದ ಜ್ಯಾಕ್ ಸರಪಳಿಯಲ್ಲೇ ಉಳಿಯುತ್ತದೆ. ಡ್ಯೂಯಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕಿನ ಹಿಂದೆ ಓಡುತ್ತಾ ಇಳಿಜಾರಿನಲ್ಲಿ ಬೀಳುತ್ತದೆ; ಉಳಿದವು ಅದರ ಪಕ್ಕದಲ್ಲೇ ಮಲಗುತ್ತವೆ. ಇವೆರಡೂ ಅಳಿಸುವ ದೃಶ್ಯಗಳು. ಹೆದರಿಸುವುದು ಬೇರೆ ಇದೆ. ಮಂಜಿನ ಮೇಲೆ ಸತ್ತು ಬಿದ್ದ ತಿಮಿಂಗಿಲ, ಎಲ್ಲ ನಿಶ್ಶಬ್ದ, ನಾಯಿ ಮೂಸುತ್ತಾ ಹತ್ತಿರ ಹೋಗುತ್ತದೆ. ಇದ್ದಕ್ಕಿದ್ದಂತೆ ಆ ಹೆಣದೊಳಗಿಂದ ಲೆಪರ್ಡ್ ಸೀಲ್ ಎಂಬ ಬೇಟೆಗಾರ ಕಡಲಪ್ರಾಣಿ ಬಾಯಿ ತೆರೆದು ನುಗ್ಗುತ್ತದೆ. ಮೂರು ಸಲ ನೋಡಿದ್ದೇನೆ, ಮೂರು ಸಲವೂ ಬೆಚ್ಚಿದ್ದೇನೆ.

ಮನೆಗೆ ಬಂದ ಮಕ್ಕಳು “ಇದು ನಿಜಾನಾ?” ಅಂತ ಕೇಳಿಯೇ ಕೇಳುತ್ತಾರೆ. ಅಂಥದ್ದು ನಡೆದದ್ದು ನಿಜ, ಆದರೆ ನಡೆದದ್ದು ಸಿನಿಮಾಕ್ಕಿಂತ ಜಾಸ್ತಿ ಕಠಿಣ. 1958ರ ಫೆಬ್ರವರಿಯಲ್ಲಿ ಜಪಾನಿನ ತಂಡವೊಂದು ಅಂಟಾರ್ಕ್ಟಿಕಾದ ಶೋವಾ ನೆಲೆಯಿಂದ ಹೊರಟಿತು. ಮುಂದಿನ ತಂಡ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ 15 ನಾಯಿಗಳನ್ನು ಕಟ್ಟಿಹಾಕಿತ್ತು. ಹವಾಮಾನ ಕೆಟ್ಟು, ಹಡಗು ಮಂಜುಗಡ್ಡೆ ದಾಟಲಾಗದೆ ವಾಪಸಾಯಿತು. 1959ರ ಜನವರಿಯಲ್ಲಿ ಜನ ಮತ್ತೆ ಹೋದಾಗ ಏಳು ನಾಯಿ ಸರಪಳಿಯಲ್ಲೇ ಸತ್ತಿದ್ದವು. ಎಂಟು ಬಿಡಿಸಿಕೊಂಡಿದ್ದವು. ಅವುಗಳಲ್ಲಿ ನೆಲೆಯ ಹತ್ತಿರ ಜೀವಂತ ಸಿಕ್ಕಿದ್ದು ಎರಡೇ: ತಾರೋ, ಜಿರೋ, ಅಣ್ಣತಮ್ಮಂದಿರು. ಸಿನಿಮಾದವರು ಈ ಲೆಕ್ಕವನ್ನು ತಿರುಗಿಸಿ ಆರು ನಾಯಿ ಉಳಿಸಿದ್ದಾರೆ. ಹತ್ತು ವರ್ಷದ ಮಕ್ಕಳಿಗೆ ಅಷ್ಟು ರಿಯಾಯಿತಿ ಸರಿ ಅಂತಲೇ ನನ್ನ ಅಭಿಪ್ರಾಯ.

ಹಾಗಾಗಿ ಒಂದು ವಿನಂತಿ. ಜಪಾನಿನ ಕಥೆಯನ್ನು ಸೋಮವಾರ ಏಳನೇ ತರಗತಿಗೆ ಮಾತ್ರ ಹೇಳುತ್ತೇವೆ. ಚಿಕ್ಕವರು ಕೇಳಿದರೆ “ನಿಜವಾಗಿಯೂ ಎರಡು ನಾಯಿ ಬದುಕಿದ್ದವು” ಎಂದು ಅಲ್ಲಿಂದ ಶುರು ಮಾಡಿ. ಲೆಕ್ಕ ಪೂರ್ತಿ ಬೇಕೆಂದರೆ ಸುಳ್ಳು ಮಾತ್ರ ಬೇಡ. “ಈಗಲೂ ಹೀಗೆ ಬಿಟ್ಟು ಬರ್ತಾರಾ?” ಎಂದರೆ ಧೈರ್ಯವಾಗಿ ಇಲ್ಲ ಅನ್ನಿ. ನಾಯಿಗಳ ರೋಗ ಸೀಲ್‌ಗಳಿಗೆ ಹರಡೀತು ಎಂಬ ಭಯದಿಂದ, ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 1994ರ ಏಪ್ರಿಲ್ ಒಳಗೆ ಅಂಟಾರ್ಕ್ಟಿಕಾದಿಂದ ಎಲ್ಲ ನಾಯಿಗಳನ್ನೂ ಹೊರಗೆ ಕಳಿಸಿದರು. ಸಿನಿಮಾದ ಕಥೆ 1993ರಲ್ಲಿ ನಡೆಯುವುದು ಅದಕ್ಕೇ ಇರಬೇಕು.

ಭಾನುವಾರ ಬೆಳಿಗ್ಗೆ “ನಮಗೂ ಹಸ್ಕಿ ನಾಯಿ ಬೇಕು” ಎಂಬ ಹಟ ಶುರುವಾದರೆ ಅದಕ್ಕೆ ಶಾಲೆ ಜವಾಬ್ದಾರಿಯಲ್ಲ! ಎರಡು ಪದರ ಕೂದಲಿನ, ದಿನಾ ಮೈಲಿಗಟ್ಟಲೆ ಓಡಲು ಹುಟ್ಟಿದ ಪ್ರಾಣಿ ಅದು ಅಂತ ಹೇಳಿ ನೋಡಿ.

ಬರಲು ಇಷ್ಟವಿಲ್ಲದ ಮಕ್ಕಳಿಗೆ ಲೈಬ್ರರಿ ತೆರೆದಿರುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಇತ್ತೀಚೆಗೆ ನಿಮ್ಮ ಮನೆಯಲ್ಲಿ ಸಾಕುಪ್ರಾಣಿ ತೀರಿಕೊಂಡಿದ್ದರೆ ಕ್ಲಾಸ್ ಟೀಚರ್‌ಗೆ ಗುರುವಾರದೊಳಗೆ ಒಂದು ಚೀಟಿ ಕಳಿಸಿ. ಆ ಮಗುವಿನ ಪಕ್ಕ ನಾನೇ ಕೂರುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ